ನೆನಪು ಕಳೆದುಕೊಳ್ಳುವ ಪೆಟ್ಟಿಗೆ

ದೊಡ್ಡಬಳ್ಳಾಪುರದ ಜಕಾರ್ಡ್ ಮಗ್ಗಗಳಲ್ಲಿ ಸೀರೆಯ ಸೆರಗು, ಅಂಚಿನ ಚಿತ್ತಾರವೆಲ್ಲ ರಟ್ಟಿನ ಕಾರ್ಡುಗಳ ತೂತುಗಳಲ್ಲಿ ಅಡಗಿರುತ್ತಿತ್ತು. ಕರೆಂಟು ಹೋದರೂ ಆ ನೆನಪು ಅಳಿಯದು. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೋರಿದ ದಾರಿ ಅದು.

1980ರ ದಶಕದ ಧ್ವನಿಯಂತ್ರಗಳ ನೆನಪು ಅಷ್ಟು ಗಟ್ಟಿಯಲ್ಲ. ಹಾಡಿಗೆ ದೊಡ್ಡ ಸಭಾಂಗಣದ ಮಾರ್ದನಿ ಬೆರೆಸುವ ಯಮಹಾ ಎಸ್‌ಪಿಎಕ್ಸ್ 90 ಪೆಟ್ಟಿಗೆಯನ್ನೇ ನೋಡಿ. ಕಾರ್ಖಾನೆಯಲ್ಲೇ ತುಂಬಿದ 30 ಪರಿಣಾಮಗಳು ಅಳಿಯುವುದಿಲ್ಲ. ಧ್ವನಿಮುದ್ರಕರು ತಾವೇ ಹದಮಾಡಿ ಉಳಿಸಿದ 60ರವರೆಗಿನ ಪರಿಣಾಮಗಳನ್ನು ಕಾಯುವುದು ಒಳಗಿನ 3 ವೋಲ್ಟಿನ, ನಾಣ್ಯದಂಥ ಲಿಥಿಯಂ ಸೆಲ್. ಅದು ಸತ್ತರೆ ಅವೂ ಮಾಯ.

ಹೊಸ ಸೆಲ್ ಬೆಸುಗೆ ಹಾಕುವುದು ಸುಲಭ. ಹೋದ ನೆನಪು ಮರಳದು. ಆದ್ದರಿಂದ ಹಳೆಯದನ್ನು ತೆಗೆಯುವ ಮುನ್ನವೇ ಒಂದೊಂದು ಅಂಕಿಯನ್ನೂ ಕಾಗದಕ್ಕೆ ಇಳಿಸಿಕೊಳ್ಳುವುದೇ ನಿಜವಾದ ರಿಪೇರಿ. ರಟ್ಟಿನ ಕಾರ್ಡು ಕಲಿಸುವ ಪಾಠವೂ ಅದೇ.