ಜೀಪಿನ ಹಿಂದಿನ ಬಂಪರ್, ಸ್ಟೆಪ್ನಿ ಕ್ಯಾರಿಯರ್: ದಪ್ಪ ಕಬ್ಬಿಣ ಹಾಕಿಸಿದರೆ ಸಾಕೇ?

ಬುಕ್ಕಾಂಬುಧಿಯಿಂದ ಬೆಳಿಗ್ಗೆ ಹೊರಟ ಜೀಪು ಒಂದೇ ದಿನದಲ್ಲಿ ಅಜ್ಜಂಪುರ ಬಯಲಿನ ದೂಳನ್ನೂ ಕೆಮ್ಮಣ್ಣುಗುಂಡಿಯ ಮಂಜು, ಮಳೆಯನ್ನೂ ಕಂಡು ಬರಬಹುದು. ಇಂಥ ದಾರಿಗಳಲ್ಲಿ ಓಡಾಡುವ ಥಾರ್, ಜಿಪ್ಸಿ, ಬೊಲೆರೊಗಳ ಹಿಂದೆ ಹೊರಗಡೆ ಮಾಡಿಸಿದ ಕಬ್ಬಿಣದ ಬಂಪರ್, ಅದರ ಮೇಲೆ ದೊಡ್ಡ ಸ್ಟೆಪ್ನಿ ಹೊತ್ತ ಕ್ಯಾರಿಯರ್ ಹಾಕಿಸುವುದುಂಟು. ಹಾಕಿಸಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತು: "ದಪ್ಪ ಕಬ್ಬಿಣ, ಇನ್ನು ಅದನ್ನು ನೋಡುವುದೇ ಬೇಡ."

ಇದು ಅರ್ಧ ಮಾತ್ರ ನಿಜ. ದಪ್ಪ ಕಬ್ಬಿಣ ಸುಲಭಕ್ಕೆ ಬಾಗುವುದಿಲ್ಲ. ಆದರೆ ಕ್ಯಾರಿಯರ್ ಕೈಕೊಡುವುದು ಸಾಮಾನ್ಯವಾಗಿ ಕಬ್ಬಿಣದ ನಡುವೆ ಅಲ್ಲ, ಜೋಡಣೆಗಳಲ್ಲಿ: ಬಿಜಾಗರಿ, ಬೋಲ್ಟ್, ವೆಲ್ಡಿಂಗ್, ಲಾಕ್. ಓಡುತ್ತಿರುವ ಗಾಡಿಯಿಂದ ಚಕ್ರ ಕಳಚಿ ಬಿದ್ದರೆ ಏಟು ಬೀಳುವುದು ಜೀಪಿನ ಮಾಲೀಕರಿಗಲ್ಲ, ಹಿಂದೆ ಬೈಕಿನಲ್ಲಿ ಬರುತ್ತಿರುವವರಿಗೆ. ಆದ್ದರಿಂದ ಇದರ ಹಿಂದಿನ ವಿಜ್ಞಾನವನ್ನೂ ನಿರ್ವಹಣೆಯ ಕ್ರಮವನ್ನೂ ಇಲ್ಲಿ ವಿವರಿಸುತ್ತಿದ್ದೇವೆ.

ಬೇರೆ ಕ್ಯಾರಿಯರ್ ಏಕೆ ಬೇಕಾಗುತ್ತದೆ?

ಬೊಲೆರೊ, ಥಾರ್‌ಗಳಲ್ಲಿ ಕಂಪನಿಯೇ ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಕೂರಿಸಿರುತ್ತದೆ. ಆ ಬಾಗಿಲಿನ ಬಿಜಾಗರಿಗಳು ಕಂಪನಿಯ ಚಕ್ರದ ತೂಕಕ್ಕೆ ತಕ್ಕಂತೆ ಇರುತ್ತವೆ. ಅದಕ್ಕಿಂತ ದೊಡ್ಡ, ಭಾರದ ಟೈರು ಹಾಕಿದರೆ ಕ್ರಮೇಣ ಬಾಗಿಲು ಜೋತುಬೀಳುತ್ತದೆ. ಆಗ ಭಾರವನ್ನು ಬಾಗಿಲಿನಿಂದ ತೆಗೆದು, ಚಾಸಿಗೆ ಬಿಗಿದ ಬಂಪರಿನ ಮೇಲೆ ಪಕ್ಕಕ್ಕೆ ತೆರೆದುಕೊಳ್ಳುವ ತೋಳಿನಲ್ಲಿ ಕೂರಿಸುತ್ತಾರೆ.

ಅಂದಹಾಗೆ, 'ಸ್ಟೆಪ್ನಿ' ಎಂಬ ಪದ ಬಂದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಿಂದ. ಅಲ್ಲಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರ ತಯಾರಿಸುವ ಉದ್ಯಮ ಶುರುವಾಯಿತು. ಬೀದಿಯ ಹೆಸರೇ ಚಕ್ರದ ಹೆಸರಾಯಿತು.

80 ಕೆ.ಜಿ. ಎಂದರೆ 80 ಕೆ.ಜಿ. ಮಾತ್ರವೇ?

ಅಲ್ಲ. ಒಂದು ಲೆಕ್ಕ ನೋಡೋಣ. 2020ರ ಮಾದರಿಯ ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 2,450 ಮಿ.ಮೀ. ಬಂಪರ್, ಕ್ಯಾರಿಯರ್, ಚಕ್ರ ಸೇರಿ 80 ಕೆ.ಜಿ. ಹೆಚ್ಚುವರಿ ಭಾರ ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ ಇದೆ ಎಂದುಕೊಳ್ಳಿ. ಏತದ ತತ್ವವೇ ಇಲ್ಲೂ ನಡೆಯುತ್ತದೆ. ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 33 ಕೆ.ಜಿ. ಕಡಿಮೆಯಾಗುತ್ತದೆ, ಹಿಂದಿನ ಆಕ್ಸಲ್ ಮೇಲೆ 80ರ ಬದಲು ಸುಮಾರು 113 ಕೆ.ಜಿ. ಬೀಳುತ್ತದೆ. ಹಿಂದಿನ ಸ್ಪ್ರಿಂಗ್ ಕುಗ್ಗುವುದು, ಏರಿನಲ್ಲಿ ಸ್ಟೀರಿಂಗ್ ಹಗುರ ಎನಿಸುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ.

ಇದು ಗಾಡಿ ನಿಂತಿರುವಾಗಿನ ಲೆಕ್ಕ. ಗುಂಡಿಗೆ ಇಳಿದು ಮೇಲೆದ್ದಾಗ ಅದೇ ಚಕ್ರ ಬಿಜಾಗರಿಯನ್ನು ತನ್ನ ತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯುತ್ತದೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ತುಂಡಾಗುವುದಿಲ್ಲ, ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ತುಂಡಾಗುತ್ತದೆ. ಲೋಹದ ಈ ದಣಿವು ವೆಲ್ಡಿಂಗ್ ಅಂಚಿನಲ್ಲಿ ಕಣ್ಣಿಗೆ ಕಾಣದಂತೆ ಶುರುವಾಗುತ್ತದೆ.

ಬಿಗಿಯಾದ ನಟ್ ತಾನಾಗಿಯೇ ಸಡಿಲವಾಗುತ್ತದೆಯೇ?

ಆಗುತ್ತದೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಬೋಲ್ಟ್ ಹಿಡಿದಿರುವ ಎರಡು ಭಾಗಗಳು ಅಡ್ಡಡ್ಡಲಾಗಿ ಸ್ವಲ್ಪ ಜಾರಿದರೂ ಎಳೆಗಳ ನಡುವಿನ ಹಿಡಿತ ಆ ಕ್ಷಣಕ್ಕೆ ಸಡಿಲಗೊಂಡು, ನಟ್ ಚೂರುಚೂರೇ ಹಿಂದಕ್ಕೆ ತಿರುಗುತ್ತದೆ. ಕ್ಯಾರಿಯರಿನಲ್ಲಿ ಆಗುವುದೂ ಇಂಥದೇ ಅಡ್ಡ ಅಲುಗಾಟ. ಸ್ಪ್ರಿಂಗ್ ವಾಷರ್ ಇದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಇಂಥ ಅಲುಗಾಟವನ್ನು ಅದು ಹೆಚ್ಚು ತಡೆಯಲಾರದು. ನೈಲಾನ್ ಲಾಕ್ ನಟ್ ಮೇಲು. ಆದರೆ ಬಿಚ್ಚಿ ಹಾಕಿದಷ್ಟೂ ಅದರ ಹಿಡಿತ ಕಡಿಮೆಯಾಗುವುದರಿಂದ ಬಿಚ್ಚಿದಾಗ ಹೊಸದು ಹಾಕುವುದು ಒಳ್ಳೆಯದು. ಬೋಲ್ಟ್ ತಲೆಯ ಮೇಲೆ 8.8 ಅಥವಾ ಅದಕ್ಕೂ ಹೆಚ್ಚಿನ ಸಂಖ್ಯೆ ಇದೆಯೇ ನೋಡಿ, ಅದು ಬೋಲ್ಟಿನ ಬಲದ ಗುರುತು.

ಬಣ್ಣ ಬಳಿದ ಮೇಲೂ ತುಕ್ಕು ಏಕೆ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದಕ್ಕೆ ದಶಕಗಳ ಕಾಲ ಅದಿರು ಕೊಟ್ಟದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿ. ಆ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ತುಕ್ಕೂ ಅದೇ ಜಾತಿಯ ವಸ್ತು. ಕುಲುಮೆಯಲ್ಲಿ ಕಾಸಿ ಆಮ್ಲಜನಕವನ್ನು ಬೇರ್ಪಡಿಸಿದರೆ ಕಬ್ಬಿಣ. ನೀರು, ಗಾಳಿ ಎರಡೂ ಸಿಕ್ಕರೆ ಅದು ಮತ್ತೆ ಮಣ್ಣಿನ ರೂಪಕ್ಕೆ ಮರಳುತ್ತದೆ.

ಬಣ್ಣವಾಗಲಿ ಪೌಡರ್ ಕೋಟಿಂಗ್ ಆಗಲಿ ಮಾಡುವುದು ನೀರು, ಗಾಳಿ ಕಬ್ಬಿಣಕ್ಕೆ ತಾಗದಂತೆ ತಡೆಯುವುದನ್ನಷ್ಟೇ. ಕಲ್ಲು ಸಿಡಿದು ಒಂದು ಚಕ್ಕೆ ಎದ್ದರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಮೇಲ್ಭಾಗ ಹೊಳೆಯುತ್ತಿದ್ದರೂ ಒಳಗೆ ಹುಡಿಯಾಗಿರಬಹುದು. ಇನ್ನೂ ದೊಡ್ಡ ಅಪಾಯ ಟೊಳ್ಳಾದ ಬಂಪರಿನ ಒಳಗಿದೆ. ಅಲ್ಲಿ ಸೇರಿದ ಕೆಸರು ದಿನಗಟ್ಟಲೆ ತೇವ ಹಿಡಿದಿಡುತ್ತದೆ. ನೀರು ಇಳಿಯಲು ಕೆಳಗೆ ತೂತುಗಳಿಲ್ಲದಿದ್ದರೆ, ಇದ್ದೂ ಮುಚ್ಚಿಹೋಗಿದ್ದರೆ, ಬಂಪರ್ ಒಳಗಿನಿಂದ ಸವೆಯುತ್ತದೆ.

ನಾಲ್ಕು ತಪ್ಪು ನಂಬಿಕೆಗಳು

"ಕಟಕಟ ಸದ್ದು ಮಾಮೂಲು." ಸದ್ದು ಬಂದರೆ ಎಲ್ಲೋ ಎರಡು ಲೋಹಗಳ ನಡುವೆ ಸಂದು ಬಂದಿದೆ ಎಂದರ್ಥ. ಸಂದು ಇದ್ದಲ್ಲಿ ಪ್ರತಿ ಕುಲುಕೂ ಸುತ್ತಿಗೆ ಏಟಿನಂತೆ. ಸದ್ದು ನಮಗೆ ಸಿಗುವ ಮೊದಲ ಎಚ್ಚರಿಕೆ.

"ಹಳೇ ಎಂಜಿನ್ ಆಯಿಲ್ ಬಳಿದರೆ ತುಕ್ಕು ಹಿಡಿಯುವುದಿಲ್ಲ." ಕೆಲವು ದಿನ ನೀರನ್ನು ತಡೆಯಬಹುದು. ಆದರೆ ದೂಳು ಅಂಟಿ ಉಪ್ಪು ಕಾಗದದಂತೆ ಉಜ್ಜುತ್ತದೆ, ಮಳೆಗೆ ತೊಳೆದು ಮಣ್ಣು ಸೇರುತ್ತದೆ. ಬಳಸಿದ ಆಯಿಲ್‌ನಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಇರುವುದರಿಂದ ಬರಿಗೈಯಲ್ಲಿ ಮುಟ್ಟುವುದೂ ಸರಿಯಲ್ಲ. 2016ರ ಕೇಂದ್ರ ಸರ್ಕಾರದ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿಮಾಡಿವೆ.

"ಗ್ರೀಸ್ ಎಷ್ಟು ಹಾಕಿದರೂ ಒಳ್ಳೆಯದೇ." ಬೇಕಾದದ್ದು ಬಿಜಾಗರಿಯ ಒಳಗೆ. ಹಳೆಯ ಗ್ರೀಸ್ ಹೊರಬರುವವರೆಗೆ ಗ್ರೀಸ್ ಗನ್‌ನಿಂದ ತುಂಬಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿಬಿಡಿ.

"ಬಂಪರ್ ಗಟ್ಟಿಯಾದಷ್ಟೂ ನಾವು ಸುರಕ್ಷಿತ." ಗುದ್ದಿದಾಗ ಕುಸಿದು ಏಟನ್ನು ಹೀರಿಕೊಳ್ಳುವುದೂ ಗಾಡಿಯ ವಿನ್ಯಾಸದ ಭಾಗ. ಬಾಗದ ಬಂಪರ್ ಆ ಏಟನ್ನು ಚಾಸಿಗೆ, ಒಳಗೆ ಕುಳಿತವರಿಗೆ ದಾಟಿಸಬಲ್ಲದು.

ಯಾವಾಗ, ಏನು ನೋಡಬೇಕು?

ಕಾಡುದಾರಿಗೆ ಹೋಗಿ ಬಂದ ಪ್ರತಿ ಸಲ:
- ಕೆಸರು ತೊಳೆಯಿರಿ. ಪ್ರೆಶರ್ ವಾಷರ್ ನೀರನ್ನು ನೇರವಾಗಿ ಬಿಜಾಗರಿಗೆ ಹಿಡಿಯಬೇಡಿ, ಗ್ರೀಸ್ ಹೊರಹೋಗಿ ನೀರು ಒಳಸೇರುತ್ತದೆ.
- ತಂತಿಯಿಂದ ನೀರಿಳಿಯುವ ತೂತುಗಳನ್ನು ಬಿಡಿಸಿ.
- ನಂಬರ್ ಪ್ಲೇಟ್, ಬ್ರೇಕ್ ಲೈಟ್ ಕಾಣುತ್ತಿವೆಯೇ ನೋಡಿ.

ತಿಂಗಳಿಗೊಮ್ಮೆ:
- ಕ್ಯಾರಿಯರ್ ಮುಚ್ಚಿ, ಚಕ್ರದ ಮೇಲ್ಭಾಗ ಹಿಡಿದು ಜೋರಾಗಿ ಅಲುಗಾಡಿಸಿ. ಇಡೀ ಗಾಡಿ ಅಲುಗಿದರೆ ಸರಿ. ಚಕ್ರ ಮಾತ್ರ ಅಲುಗಿದರೆ ಲಾಕ್, ರಬ್ಬರ್ ಅಥವಾ ಬುಶ್ ಸವೆದಿದೆ.
- ಕ್ಯಾರಿಯರ್ ತೆರೆದು ತೋಳಿನ ತುದಿಯನ್ನು ಮೇಲೆತ್ತಿ ನೋಡಿ. ಆಟ ಇದ್ದರೆ ಬುಶ್ ಬದಲಿಸಿ.
- ಸರಿಯಾಗಿ ಬಿಗಿದ ನಟ್ ಮತ್ತು ಬೋಲ್ಟ್ ಮೇಲೆ ಒಟ್ಟಿಗೆ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದರ್ಥ.
- ಸ್ಟೆಪ್ನಿಯ ಗಾಳಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆಯ ಗುರುತು ಇರುತ್ತದೆ. 2321 ಎಂದರೆ 2021ರ 23ನೇ ವಾರ. ಬಳಸದಿದ್ದರೂ ಬಿಸಿಲಿಗೆ ರಬ್ಬರ್ ಬಿರಿಯುತ್ತದೆ.

ಮಳೆಗಾಲದ ಮೊದಲು ಮತ್ತು ನಂತರ:
- ಚಕ್ಕೆ ಎದ್ದ ಕಡೆ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಸತುವಿನ ಪ್ರೈಮರ್ ಹಚ್ಚಿ, ಅದರ ಮೇಲೆ ಬಣ್ಣ ಬಳಿಯಿರಿ. ತುಕ್ಕಿನ ಮೇಲೇ ಬಳಿದ ಬಣ್ಣ ನಿಲ್ಲುವುದಿಲ್ಲ.
- ವೆಲ್ಡಿಂಗ್ ಅಂಚುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಬಿರುಕಿನ ಅನುಮಾನ. ಪರೀಕ್ಷಿಸಲು, ಗಾಡಿಯಿಂದ ಬಿಚ್ಚಿದ ಭಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಗೆರೆಯಾಗಿ ಮೇಲೆ ಬರುತ್ತದೆ. ಬೆಂಕಿ ಹತ್ತಿರ ಇರಬಾರದು.

ಬಿರುಕು ಕಂಡರೆ?

ಕ್ಯಾರಿಯರಿನಿಂದ ಸ್ಟೆಪ್ನಿ ಇಳಿಸಿ, ಗಾಡಿಯ ಒಳಗೆ ಅಲುಗದಂತೆ ಕಟ್ಟಿ ವೆಲ್ಡಿಂಗ್ ಅಂಗಡಿಗೆ ಹೋಗಿ. ಬಂಪರನ್ನು ಗಾಡಿಯಿಂದ ಬಿಚ್ಚಿಯೇ ವೆಲ್ಡ್ ಮಾಡಿಸಿ. ಇಂಧನ ಟ್ಯಾಂಕ್ ಹತ್ತಿರವಿದ್ದರೆ ಕಿಡಿ ಅಪಾಯ, ವೆಲ್ಡಿಂಗ್ ಕರೆಂಟಿನಿಂದ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳೂ ಹಾಳಾಗಬಹುದು. ಬಿರುಕಿನ ಮೇಲೆ ತೇಪೆ ಹಾಕಿದರೆ ಸಾಲದು, ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು ತುಂಬಬೇಕು. ಸತು ಲೇಪಿಸಿದ ಭಾಗವಾದರೆ ಮೊದಲು ಲೇಪನ ತೆಗೆಯಬೇಕು, ಅದರ ಹೊಗೆ ಜ್ವರ, ಚಳಿ ತರುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ನೋಂದಣಿ ಪುಸ್ತಕದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಹಾಗಾಗಿ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ.

ಒಟ್ಟಿನಲ್ಲಿ, ಬಂಪರಿನ ಬಲ ಅದರ ದಪ್ಪದಲ್ಲಿ ಮಾತ್ರ ಇಲ್ಲ, ಅತ್ಯಂತ ಸಡಿಲವಾದ ನಟ್ಟು ಎಷ್ಟು ಬಿಗಿಯಿದೆಯೋ ಅಷ್ಟೇ ಅದರ ಬಲ. ತಿಂಗಳಿಗೆ ಹತ್ತು ನಿಮಿಷ, ಒಂದು ಸ್ಪಾನರ್, ಒಂದು ಬಟ್ಟೆ ಇದ್ದರೆ ಈ ಪರೀಕ್ಷೆ ಮುಗಿಯುತ್ತದೆ.