ನಮ್ಮೂರ ಪಕ್ಕದ ರೈಲು ನಿಲ್ದಾಣ: ಒಂದು ಹಿನ್ನೋಟ

ಕಿರಿಮಂಜೇಶ್ವರದಲ್ಲಿ ರೈಲು ನಿಲ್ದಾಣವಿಲ್ಲ. ನಮಗೆ ಹತ್ತಿರದ್ದೆಂದರೆ ಉತ್ತರಕ್ಕೆ ಬಿಜೂರು, ದಕ್ಷಿಣಕ್ಕೆ ಸೇನಾಪುರ. ಎರಡೂ ಚಿಕ್ಕವು. ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಸಾಲ, ಠೇವಣಿಗಳ ಲೆಕ್ಕ ಬೇರೆ ಪುಟಗಳಲ್ಲಿ ಇದ್ದೇ ಇದೆ. ಊರಿನ ಬದುಕನ್ನು ಬದಲಿಸಿದ ಈ ಹಳಿಯ ಬಗ್ಗೆಯೂ ನಾಲ್ಕು ಮಾತು ದಾಖಲಾಗಲಿ ಎಂಬುದು ನಮ್ಮ ಆಸೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಯವರೆಗೆ ಹಳಿ ಮುಂದುವರಿಯಲು 86 ವರ್ಷ ಹಿಡಿಯಿತು! ಕಾರಣ ಕಣ್ಣಿಗೆ ಕಾಣುವಂಥದ್ದೇ. ಒಂದು ಬದಿ ಘಟ್ಟ, ಇನ್ನೊಂದು ಬದಿ ಕಡಲು, ನಡುವೆ ಸಾಲುಸಾಲು ಹೊಳೆ, ಮೇಲಿಂದ ನಮ್ಮ ಮಳೆಗಾಲ. ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೊರಟ ಹಿರಿಯರು ಹಡಗು ಹತ್ತಿದರು, ಇಲ್ಲವೇ ಘಟ್ಟ ಹತ್ತಿ ರೈಲು ಹಿಡಿದರು. ಆಮೇಲಾಮೇಲೆ ಬಸ್ಸು ಬಂತು. ಮನೆಯ ಮಾಣಿ ಒಮ್ಮೆ ಹೊರಟನೆಂದರೆ ವರ್ಷಗಟ್ಟಲೆ ಮುಖ ಕಾಣುತ್ತಿರಲಿಲ್ಲ.

ಕೊನೆಗೆ 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆಗ ರೈಲ್ವೆ ಮಂತ್ರಿ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಹಣಕಾಸು ಮಂತ್ರಿ ಮಧು ದಂಡವತೆ. ನಿಗಮದ ಹೊಣೆ ಹೊತ್ತವರು ಇ. ಶ್ರೀಧರನ್. ಸಹಕಾರಿಗಳಾದ ನಮಗೆ ಇದರಲ್ಲಿ ಹಿಡಿಸುವ ಸಂಗತಿ ಬಂಡವಾಳದ್ದು. ಷೇರು ಹಣದಲ್ಲಿ ರೈಲ್ವೆಯದು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಸಾಲದೆ ಬಂದದ್ದಕ್ಕೆ ಸಾಲಪತ್ರ ಮಾರಿದರು. ನಾವು ಷೇರು ಕೂಡಿಸಿ, ಸಾಲ ಎತ್ತಿ ಗೋದಾಮು ಕಟ್ಟಿದ ಹಾಗೆಯೇ ಎಂದರೆ ನಗಬೇಡಿ.

ಆದರೆ ಆ ಷೇರು ಪಟ್ಟಿಯಲ್ಲಿ ಕಾಣದ ಇನ್ನೊಂದು ಬಂಡವಾಳವಿದೆ, ಅದು ನೆಲ. ಬೈಲಿನ ನಡುವೆ ಮಣ್ಣಿನ ದಂಡೆ ಎದ್ದಾಗ ಮನೆ ಈಚೆ, ಗದ್ದೆ ಆಚೆ ಆದವರುಂಟು. ತೆಂಗಿನ ತೋಟ ಎರಡು ತುಂಡಾಯಿತು. ಪರಿಹಾರ ಬಂತು, ನಿಜ. ಅಜ್ಜನ ಕಾಲದ ಗದ್ದೆಗೆ ಪರಿಹಾರದ ಹಣ ಸಮವೇ ಎಂದು ಕೇಳಿದರೆ ಹಿರಿಯರು ಈಗಲೂ ಸುಮ್ಮನಾಗುತ್ತಾರೆ.

1993ರ ಮಾರ್ಚ್ 20ರಂದು ಮಂಗಳೂರು-ಉಡುಪಿ ನಡುವೆ ರೈಲು ಓಡಿತು. ಮುಂದೆ ಹಂತ ಹಂತವಾಗಿ ಹಳಿ ನಮ್ಮ ಕಡೆ ಬಂತು. ಹೊನ್ನಾವರದಲ್ಲಿ ಶರಾವತಿಗೆ ಸುಮಾರು 2 ಕಿ.ಮೀ. ಉದ್ದದ ಸೇತುವೆಯೂ ಆಯಿತು. ಗೋವಾದ ಪೆರ್ನೆಮ್ ಸುರಂಗದ ಮೆತ್ತನೆ ಮಣ್ಣು ಮಾತ್ರ ಕುಸಿದು ಕುಸಿದು ಎಲ್ಲರನ್ನೂ ಕಾಯಿಸಿತು. 1998ರ ಜನವರಿ 26ರಂದು ಇಡೀ ದಾರಿ ತೆರೆಯಿತು. ಅದೇ ಮೇ 1ರಂದು ಪ್ರಧಾನಿ ವಾಜಪೇಯಿಯವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. 2022ರಲ್ಲಿ ಈ ಹಳಿಯ ವಿದ್ಯುದೀಕರಣ ಮುಗಿಯಿತು.

ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕೆಯ ಹೆಸರಿದೆ, ದೂರದ ಯಾತ್ರಿಕರು ಇಳಿಯುತ್ತಾರೆ. ಕುಂದಾಪುರದ್ದು ಪೇಟೆ ಬಿಟ್ಟು ಮೂಡ್ಲಕಟ್ಟೆಯಲ್ಲಿದ್ದರೂ ಎಕ್ಸ್‌ಪ್ರೆಸ್ಸುಗಳು ನಿಲ್ಲುತ್ತವೆ. ಬೊಂಬಾಯಿಗೆ ಹೋಗುವ ಮತ್ಸ್ಯಗಂಧ ಹತ್ತಬೇಕಾದರೂ, 2020ರಲ್ಲಿ ಶುರುವಾದ ಬೆಂಗಳೂರಿನ ಪಂಚಗಂಗಾ ಹತ್ತಬೇಕಾದರೂ ನಾವು ಈ ಎರಡರಲ್ಲೊಂದಕ್ಕೆ ರಿಕ್ಷಾ ಮಾಡಿಕೊಂಡು ಹೋಗಬೇಕು. ಸುರತ್ಕಲ್ಲಿನಿಂದ ಲಾರಿಗಳನ್ನೇ ಹೊತ್ತ ರೋರೋ ಗಾಡಿಯೂ ಬಿಜೂರಿನ ಎದುರಿಗೇ ಸಾಗುತ್ತದೆ, ನಾವು ನೋಡುತ್ತ ನಿಲ್ಲುತ್ತೇವೆ. ಬಿಜೂರಿಗೆ ಆಧಾರ ಮಂಗಳೂರು-ಮಡಗಾಂವ್ ಪ್ಯಾಸೆಂಜರ್. "ರೈಲ್ ಬಪ್ಪುದ್ ಎಷ್ಟೊತ್ತಿಗೆ ಮಾರಾಯ್ರೆ?" ಎಂದು ಕೇಳುತ್ತ ಬರುವವರು ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಕಾಲೇಜಿನ ಮಕ್ಕಳು, ಕಾರವಾರದ ಕಡೆ ನೆಂಟರಿರುವವರು. ಬಸ್ಸಿನ ಖರ್ಚಿಗೆ ಹೋಲಿಸಿದರೆ ಟಿಕೆಟು ಅಗ್ಗ.

2020ರ ಮಾರ್ಚಿನಲ್ಲಿ ಕೊರೋನಾದಿಂದ ಎಲ್ಲ ನಿಂತಿತು. ಪ್ಯಾಸೆಂಜರುಗಳು ದೇಶದಲ್ಲೆಲ್ಲ ಮತ್ತೆ ಓಡಿದಾಗ ಕನಿಷ್ಠ ದರ 10 ರೂ. ಹೋಗಿ 30 ರೂ. ಆಗಿತ್ತು. 2024ರಲ್ಲಷ್ಟೇ ಅದು ಹಿಂದಿನಂತಾಯಿತು. ಕೂಲಿ ಮಾಡುವವನಿಗೆ ಆ 20 ರೂಪಾಯಿ ಎಂತದ್ದೆಂದು ನಮ್ಮ ಪಿಗ್ಮಿ ಸಂಗ್ರಾಹಕರನ್ನು ಕೇಳಿ.

ಈಗ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಮಾತು ಬಂದಿದೆ. 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿತು. ಯಾರ ಕೈಗೆ ಹೋದರೂ ಚಿಕ್ಕ ನಿಲ್ದಾಣಗಳ ಪ್ಯಾಸೆಂಜರ್ ಉಳಿಯಬೇಕು, ರಾತ್ರಿಯ ಒಂದು ಗಾಡಿಯಾದರೂ ಬಿಜೂರಿನಲ್ಲಿ ನಿಲ್ಲಬೇಕು. ಮನವಿಗೆ ಸಹಿ ಹಾಕಲು ಸಂಘದ ಕಚೇರಿಯಲ್ಲಿ ಪುಸ್ತಕ ಇಟ್ಟಿದ್ದೇವೆ. ಹಳಿಗೆ ಜಾಗ ಬಿಟ್ಟುಕೊಟ್ಟ ಮನೆಯವರಲ್ಲಿ ಆಗಿನ ನೋಟೀಸು, ನಕ್ಷೆ ಇದ್ದರೆ ಒಂದು ದಿನದ ಮಟ್ಟಿಗೆ ತಂದುಕೊಡಿ, ಪ್ರತಿ ತೆಗೆದು ಹಿಂದಿರುಗಿಸುತ್ತೇವೆ.