ಗಂಟಲಿಲ್ಲದ ಗಾಯಕಿ: ಜಪಾನಿನ ಯಂತ್ರಗಾಯನದ ಕಥೆ

ಹಾಡಲು ಏನೇನು ಬೇಕು? ಶ್ವಾಸಕೋಶದಿಂದ ಬರುವ ಗಾಳಿ ಬೇಕು. ಆ ಗಾಳಿಗೆ ಕಂಪಿಸುವ ಧ್ವನಿತಂತುಗಳು ಬೇಕು. ಆ ಕಂಪನವನ್ನು 'ಅ', 'ಇ', 'ಉ' ಎಂದು ರೂಪಿಸುವ ಗಂಟಲು, ಬಾಯಿ, ಮೂಗು ಬೇಕು. ಇವುಗಳಲ್ಲಿ ಒಂದೂ ಇಲ್ಲದೆ ಹಾಡುವ ಗಾಯಕಿಯೊಬ್ಬಳು ಜಪಾನಿನಲ್ಲಿದ್ದಾಳೆ. ಅವಳ ಹೆಸರು ಹಾತ್ಸುನೆ ಮಿಕು. 'ಭವಿಷ್ಯದಿಂದ ಬಂದ ಮೊದಲ ನಾದ' ಎಂಬುದು ಈ ಹೆಸರಿನ ಭಾವಾರ್ಥ. ಅವಳು ವ್ಯಕ್ತಿಯಲ್ಲ, ಒಂದು ತಂತ್ರಾಂಶ. ಆದರೂ ಅವಳ ಹಾಡುಗಳನ್ನು ಲಕ್ಷಾಂತರ ಜನ ಕೇಳುತ್ತಾರೆ. ಈ ಹಾಡುಗಳ ಹಿಂದಿರುವ ವಿಜ್ಞಾನವೇನು? ಇವುಗಳಲ್ಲಿ ಯಾವುವನ್ನು ನೀವು ಕೇಳಬಹುದು? ನೋಡೋಣ ಬನ್ನಿ.

ಆರಂಭ ಅಮೆರಿಕದಲ್ಲಿ

ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ 'ವೋಡರ್' ಯಂತ್ರವನ್ನು 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪ್ರದರ್ಶಿಸಲಾಯಿತು. ತರಬೇತಿ ಪಡೆದವರು ಕೀಲಿಗಳನ್ನು ಒತ್ತಿ, ಪೆಡಲ್ ತುಳಿದು ಅದರಿಂದ ಮಾತು ಹೊರಡಿಸುತ್ತಿದ್ದರು.

1961ರಲ್ಲಿ ಅದೇ ಪ್ರಯೋಗಾಲಯದಲ್ಲಿ ಜಾನ್ ಕೆಲ್ಲಿ ಮತ್ತು ಕ್ಯಾರೊಲ್ ಲೋಕ್‌ಬಾಮ್ ಗಣಕದಿಂದ 'ಡೇಸಿ ಬೆಲ್' ಎಂಬ ಹಳೆಯ ಹಾಡನ್ನು ಹಾಡಿಸಿದರು. ಹಿನ್ನೆಲೆ ಸಂಗೀತವನ್ನೂ ಮ್ಯಾಕ್ಸ್ ಮ್ಯಾಥ್ಯೂಸ್ ಗಣಕದಿಂದಲೇ ನುಡಿಸಿದರು. ಕೆಲ್ಲಿ ಮತ್ತು ಲೋಕ್‌ಬಾಮ್ ಅನುಸರಿಸಿದ ವಿಧಾನ ಸೊಗಸಾದದ್ದು. ಗಂಟಲಿನಿಂದ ತುಟಿಯವರೆಗಿನ ಮಾರ್ಗವನ್ನು ಬೇರೆ ಬೇರೆ ಅಗಲದ ಚಿಕ್ಕ ಕೊಳವೆಗಳ ಸರಣಿ ಎಂದು ಭಾವಿಸಿ, ಪ್ರತಿ ಸಂಧಿಯಲ್ಲಿ ಧ್ವನಿತರಂಗ ಎಷ್ಟು ಮುಂದೆ ಸಾಗುತ್ತದೆ, ಎಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ ಎಂದು ಲೆಕ್ಕ ಹಾಕಿದರು. ಕೊಳವೆಗಳ ಅಗಲ ಬದಲಾದರೆ ಸ್ವರವೂ ಬದಲಾಗುತ್ತದೆ. ಈ ಹಾಡನ್ನು ಕೇಳಿದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅದನ್ನು ಮರೆಯಲಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಸ್ಥಗಿತಗೊಳ್ಳುತ್ತಿರುವ ಗಣಕವೊಂದು ಹಾಡುವುದು ಇದೇ ಹಾಡನ್ನು.

ತುಣುಕುಗಳಿಂದ ಹಾಡು

2000ದಲ್ಲಿ ಜಪಾನಿನ ಯಮಾಹಾ ಸಂಸ್ಥೆ, ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಜೊತೆಗೂಡಿ ಗಾಯನ ಸಂಶ್ಲೇಷಣೆಯ ಸಂಶೋಧನೆ ಆರಂಭಿಸಿತು. ಯಮಾಹಾದ ಹಿದೆಕಿ ಕೆನ್‌ಮೋಚಿ ಇದರ ನೇತೃತ್ವ ವಹಿಸಿದ್ದರು. ಇದರ ಫಲವಾದ 'ವೋಕಲಾಯ್ಡ್' ತಂತ್ರಾಂಶ 2004ರಲ್ಲಿ ಮಾರುಕಟ್ಟೆಗೆ ಬಂತು.

ಇಲ್ಲಿ ಗಂಟಲಿನ ಮಾದರಿಯನ್ನು ಲೆಕ್ಕ ಹಾಕುವ ಬದಲು ನಿಜವಾದ ಮನುಷ್ಯರ ದನಿಯ ತುಣುಕುಗಳನ್ನು ಧ್ವನಿಮುದ್ರಿಸಿ ಜೋಡಿಸುತ್ತಾರೆ. ಒಂದು ವಿಷಯ ಗಮನಿಸಿ: ಅಕ್ಷರಗಳನ್ನು ಬಿಡಿಬಿಡಿಯಾಗಿ ಮುದ್ರಿಸಿ ಅಂಟಿಸಿದರೆ ಹಾಡು ತುಂಡುತುಂಡಾಗಿ ಕೇಳುತ್ತದೆ. ಏಕೆಂದರೆ ಒಂದು ಧ್ವನಿಯಿಂದ ಇನ್ನೊಂದಕ್ಕೆ ನಾಲಿಗೆ ಜಾರುವ ಸಂಕ್ರಮಣದಲ್ಲಿಯೇ ಮಾತಿನ ಜೀವ ಇದೆ. ಆದ್ದರಿಂದ ಒಂದು ಧ್ವನಿಯ ನಡುವಿನಿಂದ ಮುಂದಿನ ಧ್ವನಿಯ ನಡುವಿನವರೆಗಿನ ಭಾಗವನ್ನು ಒಂದು ತುಣುಕಾಗಿ ಇಟ್ಟುಕೊಳ್ಳುತ್ತಾರೆ. 'ಸಕುರ' (ಚೆರಿ ಹೂವು) ಎಂಬ ಪದಕ್ಕೆ ಸ್-ಅ, ಅ-ಕ್, ಕ್-ಉ, ಉ-ರ್, ರ್-ಅ ಎಂಬ ಐದು ತುಣುಕುಗಳು ಬೇಕು.

ಈಗ ಶ್ರುತಿಯ ಪ್ರಶ್ನೆ. ಕ್ಯಾಸೆಟ್ಟನ್ನು ವೇಗವಾಗಿ ಓಡಿಸಿದರೆ ದನಿಯ ಶ್ರುತಿ ಏರುತ್ತದೆ ನಿಜ, ಆದರೆ ಅದು ಕೀಚಲಾಗುತ್ತದೆ. ಧ್ವನಿತಂತುಗಳ ಆವೃತ್ತಿಯ ಜೊತೆಗೆ ಬಾಯಿಯ ಅನುನಾದದ ಆವೃತ್ತಿಗಳೂ ಮೇಲಕ್ಕೆ ಸರಿಯುವುದೇ ಇದಕ್ಕೆ ಕಾರಣ. ನಿಜವಾದ ಗಾಯಕಿ ಷಡ್ಜದಿಂದ ಪಂಚಮಕ್ಕೆ ಏರಿದಾಗ ಅವಳ ಬಾಯಿ ಕಿರಿದಾಗುವುದಿಲ್ಲವಷ್ಟೆ! ಹಾಗಾಗಿ ತಂತ್ರಾಂಶವು ಧ್ವನಿಯನ್ನು ಆವೃತ್ತಿಗಳಾಗಿ ವಿಭಜಿಸಿ, ಅನುನಾದದ ರೂಪವನ್ನು ಉಳಿಸಿಕೊಂಡು ಶ್ರುತಿಯನ್ನು ಮಾತ್ರ ಸರಿಸುತ್ತದೆ.

ಜಪಾನಿ ಭಾಷೆಯ ಅನುಕೂಲ

ಇಂಗ್ಲಿಷಿಗೆ ಒಂದು ಶ್ರುತಿಗೆ ಸುಮಾರು 2500 ತುಣುಕುಗಳು ಬೇಕಾದರೆ ಜಪಾನಿ ಭಾಷೆಗೆ ಸುಮಾರು 500 ಸಾಕು. ಜಪಾನಿಯಲ್ಲಿ ಸ್ವರಗಳು ಐದೇ. ಬಹುಪಾಲು ಅಕ್ಷರಗಳು ಒಂದು ವ್ಯಂಜನ, ಒಂದು ಸ್ವರ ಸೇರಿ ಆದವು. ಅವರ ಅಕ್ಷರಮಾಲೆ 'ಅ ಇ ಉ ಎ ಒ, ಕ ಕಿ ಕು ಕೆ ಕೊ' ಎಂದು ಸಾಗುತ್ತದೆ. ನಮ್ಮ ಕಾಗುಣಿತದಂತೆಯೇ ಇದೆಯಲ್ಲವೆ? ಇದು ಆಕಸ್ಮಿಕವಲ್ಲ. ಬೌದ್ಧ ಧರ್ಮದ ಮೂಲಕ ಜಪಾನಿಗೆ ತಲುಪಿದ ಸಂಸ್ಕೃತ ವರ್ಣಮಾಲೆಯ ಅಧ್ಯಯನದ ಪ್ರಭಾವ ಈ ಅನುಕ್ರಮದ ಮೇಲಿದೆ.

2007ರ ತಿರುವು

ಮೊದಲ ವರ್ಷಗಳಲ್ಲಿ ವೋಕಲಾಯ್ಡ್ ದೊಡ್ಡ ಸುದ್ದಿಯಾಗಲಿಲ್ಲ. 2006ರಲ್ಲಿ ಬಂದ 'ಕೈಟೊ' ಎಂಬ ಗಂಡು ದನಿಗೆ ಆರಂಭದಲ್ಲಿ ಗಿರಾಕಿಗಳೇ ವಿರಳ. 2007ರ ಆಗಸ್ಟ್ 31ರಂದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಸಂಸ್ಥೆ ಹಾತ್ಸುನೆ ಮಿಕುವನ್ನು ಹೊರತಂದಿತು. ದನಿ ಕೊಟ್ಟವರು ಕಂಠದಾನ ಕಲಾವಿದೆ ಸಾಕಿ ಫುಜಿತಾ. ಪೊಟ್ಟಣದ ಮೇಲೆ ನೀಲಿ-ಹಸಿರು ಜಡೆಗಳ ಹುಡುಗಿಯ ಚಿತ್ರವಿತ್ತು.

ಹಾಗಾದರೆ ದನಿ ಮನುಷ್ಯರ ದನಿಯಷ್ಟೇ ಸಹಜವಾಗಿತ್ತೆ? ಇಲ್ಲ, ಯಂತ್ರದ ಛಾಯೆ ಸ್ಪಷ್ಟವಾಗಿಯೇ ಇತ್ತು. ಬದಲಾದದ್ದು ಸುತ್ತಲಿನ ಪರಿಸರ. ನಿಕೊನಿಕೊ ಎಂಬ ವಿಡಿಯೊ ತಾಣ ಆಗತಾನೆ ಆರಂಭವಾಗಿತ್ತು. ಗಾಯಕರನ್ನು ಗೊತ್ತುಮಾಡಲು ಹಣವಿಲ್ಲದ ವಿದ್ಯಾರ್ಥಿಗಳು ಮನೆಯಲ್ಲೇ ಹಾಡು ರಚಿಸಿ ಅಲ್ಲಿ ಹಾಕಿದರು. ಕೇಳಿದವರು ಅದಕ್ಕೆ ಚಿತ್ರ ಬರೆದರು, ಇನ್ನೊಬ್ಬರು ಅದನ್ನು ಅನಿಮೇಷನ್ ಮಾಡಿದರು. ಲಾಭದ ಉದ್ದೇಶವಿಲ್ಲದ ಇಂಥ ಬಳಕೆಗೆ ಕ್ರಿಪ್ಟನ್ ಸಂಸ್ಥೆ ಅವಕಾಶ ಕೊಟ್ಟದ್ದು ಈ ಬೆಳೆಗೆ ನೀರೆರೆಯಿತು. ಯಂತ್ರಗಾಯನ ಗೆದ್ದದ್ದು ದನಿಯ ಪರಿಪೂರ್ಣತೆಯಿಂದಲ್ಲ, ಹಾಡು ಕಟ್ಟುವ ಅವಕಾಶ ಸಾಮಾನ್ಯರಿಗೆ ದೊರೆತದ್ದರಿಂದ.

ನೀವು ಕೇಳಬಹುದಾದ ಹಾಡುಗಳು

'ಮೆಲ್ಟ್' (2007): ರ್ಯೊ ಎಂಬುವರ ರಚನೆ. ನಾಚುವ ಹುಡುಗಿಯ ಸರಳ ಪ್ರೇಮಗೀತೆ. ಇದನ್ನು ಕೇಳಿ ಅನೇಕರು ಸ್ವಂತ ದನಿಯಲ್ಲಿ ಹಾಡಿದರು. ಯಂತ್ರ ಹಾಡಿದ್ದನ್ನು ಮನುಷ್ಯರು ಅನುಕರಿಸುವ ವಿಚಿತ್ರ ಹೀಗೆ ಬೆಳೆಯಿತು.

'ಹಾತ್ಸುನೆ ಮಿಕು ನೊ ಶೋಶಿತ್ಸು' (ಪೂರ್ಣರೂಪ 2008): ಮಿಕು ಅಳಿಸಿಹೋಗುವ ಕಥೆ. ನಿಮಿಷಕ್ಕೆ 240 ತಾಳದ ವೇಗ. ಉಸಿರು ತೆಗೆದುಕೊಳ್ಳಬೇಕಿಲ್ಲದ ಯಂತ್ರಕ್ಕೆಂದೇ ಬರೆದ ಹಾಡು. ಎಲ್ಲಿ ಉಸಿರಿಗೆ ಬಿಡುವಿದೆ ಎಂದು ಹುಡುಕುತ್ತ ಕೇಳಿ.

'ಸೆಂಬೊನ್‌ಝಕುರ' (2011): 'ಸಾವಿರ ಚೆರಿ ಮರಗಳು' ಎಂದರ್ಥ. ಇದನ್ನು ಹಿರಿಯ ಗಾಯಕಿ ಸಚಿಕೊ ಕೊಬಯಾಶಿ 2015ರ ವರ್ಷಾಂತ್ಯದ ಪ್ರಸಿದ್ಧ ದೂರದರ್ಶನ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು.

'ಇಹಾತೊವ್ ಸಿಂಫನಿ' (2012): ಸಂಯೋಜಕ ಇಸಾವೊ ತೊಮಿತಾ ತಮ್ಮ 80ನೆಯ ವಯಸ್ಸಿನಲ್ಲಿ ಮಿಕುವನ್ನು ವಾದ್ಯವೃಂದದ ಜೊತೆಗೆ ಹಾಡಿಸಿದರು. ಯಂತ್ರದ ತಾಳಕ್ಕೆ ಕಲಾವಿದರು ಕುಣಿಯುವ ಬದಲು, ನಿರ್ದೇಶಕರ ಕೈಸನ್ನೆಯನ್ನು ಯಂತ್ರವೇ ಅನುಸರಿಸುವ ಏರ್ಪಾಡು ಇಲ್ಲಿತ್ತು.

'ಸುನಾ ನೊ ವಾಕುಸೇ' (2017): 'ಮರಳ ಗ್ರಹ'. ರಚಿಸಿದವರು 'ಹಾಚಿ'. ಇವರೇ ಇಂದು ಜಪಾನಿನ ಜನಪ್ರಿಯ ಗಾಯಕ ಕೆನ್ಶಿ ಯೊನೆಝು.

ಮಿಕುವಿನ ವೇದಿಕೆ ಕಾರ್ಯಕ್ರಮಗಳನ್ನು ಅನೇಕರು 'ಹೊಲೋಗ್ರಾಂ' ಎನ್ನುತ್ತಾರೆ. ಅದು ತಪ್ಪು. ಅಲ್ಲಿರುವುದು ಪಾರದರ್ಶಕ ಪರದೆಯ ಮೇಲೆ ಮೂಡಿಸಿದ ಸಾಮಾನ್ಯ ಚಿತ್ರ.

ದನಿ ಯಾರದು?

ಇತ್ತೀಚಿನ ತಂತ್ರಾಂಶಗಳು ತುಣುಕು ಜೋಡಿಸುವುದಷ್ಟೇ ಅಲ್ಲ, ಗಾಯಕರ ಧ್ವನಿಮುದ್ರಣಗಳಿಂದ ಹಾಡುವ ರೀತಿಯನ್ನೇ ಕಲಿಯುತ್ತವೆ. 1989ರಲ್ಲಿ ತೀರಿಕೊಂಡ ಖ್ಯಾತ ಗಾಯಕಿ ಮಿಸೊರಾ ಹಿಬಾರಿಯವರ ದನಿಯಲ್ಲಿ 2019ರಲ್ಲಿ ಒಂದು ಹೊಸ ಹಾಡನ್ನೇ ಹಾಡಿಸಲಾಯಿತು. ಕೇಳಿ ಕಣ್ಣೀರಿಟ್ಟವರಿದ್ದರು. ಇದು ಗತಿಸಿದವರಿಗೆ ಮಾಡಿದ ಅಪಚಾರ ಎಂದವರೂ ಇದ್ದರು. ಸಾಕಿ ಫುಜಿತಾ ತಿಳಿದು, ಒಪ್ಪಿ ದನಿ ಕೊಟ್ಟವರು. ಹಿಬಾರಿಯವರನ್ನು ಕೇಳುವಂತೆಯೇ ಇರಲಿಲ್ಲ. ಯಾರ ದನಿಯನ್ನಾದರೂ ನಕಲು ಮಾಡಬಹುದಾದ ಈ ಕಾಲದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ತಂತ್ರ ಒಂದೇ. ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದವರು ನಾವು.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ವಿದ್ಯಾರ್ಥಿಯೊಬ್ಬರ ಒಪ್ಪಿಗೆ ಪಡೆದು 'ಸ', 'ಕು', 'ರ' ಎಂಬ ಅಕ್ಷರಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಕಂಪ್ಯೂಟರಿನಲ್ಲಿ ಜೋಡಿಸಿ. ನಂತರ ಒಂದೇ ಉಸಿರಿನಲ್ಲಿ 'ಸಕುರ' ಎನ್ನಿಸಿ ಮುದ್ರಿಸಿ. ಎರಡನ್ನೂ ಹೋಲಿಸಿ ಕೇಳಿ. ನಮ್ಮ ನಾಲಿಗೆ ಅರಿವಿಲ್ಲದೆಯೇ ಎಷ್ಟು ನಾಜೂಕಾದ ಕೆಲಸ ಮಾಡುತ್ತದೆ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.